ಇಳಿಯುವ ಹೊತ್ತಿನ ಒಡೆಯರು

2006ರ ಚಳಿಗಾಲದಲ್ಲಿ ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ವೇಲ್ಸ್‌ನ ಕಾರ್ಡಿಫ್‌ಗೆ ಒಂದು ಏರ್‌ಬಸ್ ವಿಮಾನ ಹೋಗಿ ಬರುತ್ತಿತ್ತು. ಅದರಲ್ಲಿ ಒಬ್ಬ ಪ್ರಯಾಣಿಕನೂ ಇರುತ್ತಿರಲಿಲ್ಲ. ಆ ಹಾರಾಟಕ್ಕೆ ಟಿಕೆಟ್ ಮಾರಾಟವೇ ಇರಲಿಲ್ಲ. ಬ್ರಿಟಿಷ್ ಮೆಡಿಟರೇನಿಯನ್ ಎಂಬ ಸಂಸ್ಥೆ ಅದನ್ನು ಹಾರಿಸುತ್ತಿತ್ತು. ಉಜ್ಬೇಕಿಸ್ತಾನದ ತಾಷ್ಕೆಂಟ್‌ಗೆ ತಾನು ನಡೆಸುತ್ತಿದ್ದ ಹಾರಾಟವನ್ನು ಅದು ನಿಲ್ಲಿಸಿತ್ತು. ಆದರೆ ಆ ಹಾರಾಟಕ್ಕೆಂದು ಹೀಥ್ರೂದಲ್ಲಿ ಸಿಕ್ಕಿದ್ದ, ಇಳಿಯುವ ಮತ್ತು ಏರುವ ಹೊತ್ತನ್ನು ಬಿಟ್ಟುಕೊಡಲು ಅದಕ್ಕೆ ಮನಸ್ಸಿರಲಿಲ್ಲ. ಬಳಸದೆ ಹೋದರೆ ಹೊತ್ತು ಕೈತಪ್ಪುತ್ತದೆ ಎಂಬ ನಿಯಮವಿದ್ದುದರಿಂದ ಖಾಲಿ ವಿಮಾನವನ್ನೇ ಹಾರಿಸಿ ಅದನ್ನು ಉಳಿಸಿಕೊಂಡಿತು. 2007ರಲ್ಲಿ ಪತ್ರಿಕೆಗಳು ಇದನ್ನು ಬಯಲಿಗೆಳೆದಾಗ ಪರಿಸರವಾದಿಗಳು ಸಿಟ್ಟಿಗೆದ್ದರು. ಮುಂಬಯಿಯ ಒಂದು ವಿಮಾನಯಾನ ಸಂಸ್ಥೆಯ ವೇಳಾಪಟ್ಟಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ನಮಗೆ ಮಾತ್ರ ಆಶ್ಚರ್ಯವೇನೂ ಆಗಲಿಲ್ಲ. ಆ ಹೊತ್ತಿನ ಬೆಲೆ ನಮಗೆ ಗೊತ್ತಿತ್ತು.

ಆ ವಿಭಾಗದಲ್ಲೇ ನನ್ನ ನೌಕರಿಯ ಬಹುಪಾಲು ಕಳೆಯಿತು. ವಿಮಾನವೆಂದರೆ ಜನಕ್ಕೆ ಪೈಲಟ್, ಗಗನಸಖಿ, ಸಾಮಾನಿನ ಬೆಲ್ಟ್ ನೆನಪಾಗುತ್ತದೆ. ನಮ್ಮ ಪಾಲಿಗೆ ವಿಮಾನವೆಂದರೆ ಉದ್ದನೆಯ ಹಾಳೆಗಳ ಮೇಲಿನ ಅಡ್ಡಗೆರೆಗಳು. ಒಂದೊಂದು ಗೆರೆಯೂ ಒಂದು ಊರಲ್ಲಿ ಹುಟ್ಟಿ ಇನ್ನೊಂದು ಊರಲ್ಲಿ ಮುಗಿಯಬೇಕು. ಎರಡು ತುದಿಯಲ್ಲೂ ರನ್‌ವೇ, ನಿಲ್ಲುವ ಜಾಗ, ಟರ್ಮಿನಲ್ ನಮಗಾಗಿ ತೆರೆದಿರಬೇಕು. ಹೀಗೆ ಗೊತ್ತುಮಾಡಿಕೊಟ್ಟ ಹೊತ್ತಿಗೆ ಸ್ಲಾಟ್ ಎನ್ನುತ್ತಾರೆ. ಕಿಕ್ಕಿರಿದ ನಿಲ್ದಾಣದಲ್ಲಿ ಅದಿಲ್ಲದೆ ವಿಮಾನವಿದ್ದೂ ಪ್ರಯೋಜನವಿಲ್ಲ, ಸರ್ಕಾರದ ಪರವಾನಗಿ ಇದ್ದೂ ಪ್ರಯೋಜನವಿಲ್ಲ.

ಮೊದಲಿಗೆ ಬೇಕಾಗಿದ್ದದ್ದು ಪರವಾನಗಿಯೊಂದೇ. 1944ರ ಕೊನೆಯಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಶಿಕಾಗೋದಲ್ಲಿ ಹಲವು ದೇಶಗಳು ಸೇರಿ ನಾಗರಿಕ ವಿಮಾನಯಾನದ ಒಪ್ಪಂದ ಮಾಡಿಕೊಂಡವು. ಪ್ರತಿ ದೇಶವೂ ತನ್ನ ಆಕಾಶಕ್ಕೆ ತಾನೇ ಒಡೆಯ, ಅದರ ಅನುಮತಿ ಇಲ್ಲದೆ ಪರದೇಶದ ನಿಗದಿತ ಹಾರಾಟ ಒಳಬರುವಂತಿಲ್ಲ ಎಂದು ಅಲ್ಲಿ ತೀರ್ಮಾನವಾಯಿತು. 1946ರಲ್ಲಿ ಅಮೆರಿಕ ಮತ್ತು ಬ್ರಿಟನ್ ಬರ್ಮುಡಾದಲ್ಲಿ ಕೂತು ಎರಡು ದೇಶಗಳ ನಡುವಿನ ಒಪ್ಪಂದದ ಮಾದರಿಯೊಂದನ್ನು ರೂಪಿಸಿದವು. ಯಾವ ಊರಿಂದ ಯಾವ ಊರಿಗೆ, ಯಾವ ಸಂಸ್ಥೆ, ಎಷ್ಟು ಹಾರಾಟ ಎಂಬುದನ್ನೆಲ್ಲ ಸರ್ಕಾರಗಳು ಚೌಕಾಸಿ ಮಾಡಿ ಹಂಚಿಕೊಳ್ಳುವ ಪದ್ಧತಿ ಅಲ್ಲಿಂದ ಬೇರೂರಿತು.

ರನ್‌ವೇಗೆ ಆಗ ಬರವಿರಲಿಲ್ಲ. ಹೀಥ್ರೂ ಎಂಬುದು ಮೊದಲು ಲಂಡನ್ನಿನ ಪಶ್ಚಿಮಕ್ಕಿದ್ದ ಒಂದು ಹಳ್ಳಿ. ಹಣ್ಣಿನ ತೋಟ, ತರಕಾರಿ ಹೊಲಗಳ ಒಳ್ಳೆಯ ಮಣ್ಣು. ಯುದ್ಧಕಾಲದ ಅಧಿಕಾರ ಬಳಸಿ 1944ರಲ್ಲಿ ಸರ್ಕಾರ ಅದನ್ನು ವಶಪಡಿಸಿಕೊಂಡು ರೈತರನ್ನು ಎಬ್ಬಿಸಿತು. 1946ರಲ್ಲಿ ನಾಗರಿಕ ವಿಮಾನಗಳು ಅಲ್ಲಿಂದ ಹಾರತೊಡಗಿದಾಗ ಟರ್ಮಿನಲ್ ಎಂದರೆ ಸೈನ್ಯದ ಹಳೆಯ ಡೇರೆಗಳು. 1948ರ ಜೂನ್ 8ರ ರಾತ್ರಿ ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ ಎಂಬ ಕಾನ್‌ಸ್ಟಲೇಶನ್ ವಿಮಾನ ಬೊಂಬಾಯಿಯಿಂದ ಹೊರಟು ಕೈರೊ, ಜಿನೀವಾ ಹಾದು 10ನೇ ತಾರೀಕು ಲಂಡನ್ ತಲುಪಿತು. ಒಳಗೆ 35 ಪ್ರಯಾಣಿಕರು. ಜೆ.ಆರ್.ಡಿ. ಟಾಟಾ ಕೂಡ ಅದರಲ್ಲಿದ್ದರು. ಇಂಥ ಗಳಿಗೆಯಲ್ಲೇ ಇಳಿಯಬೇಕು ಎಂದು ಅವರಿಗೆ ಹೇಳುವ ಅಗತ್ಯ ಯಾರಿಗೂ ಇರಲಿಲ್ಲ.

ಜೆಟ್ ವಿಮಾನಗಳು ಬಂದ ಮೇಲೆ ಚಿತ್ರ ಬದಲಾಯಿತು. ಅಮೆರಿಕದಲ್ಲಿ ಆಕಾಶದಲ್ಲೇ ಸಾಲು ಬೆಳೆದು, 1969ರಲ್ಲಿ ನ್ಯೂಯಾರ್ಕಿನ ಕೆನಡಿ ಮತ್ತು ಲಗಾರ್ಡಿಯಾ, ನ್ಯೂವಾರ್ಕ್, ವಾಷಿಂಗ್ಟನ್ ನ್ಯಾಷನಲ್, ಶಿಕಾಗೋದ ಓ’ಹೇರ್ ನಿಲ್ದಾಣಗಳಲ್ಲಿ ತಾಸಿಗೆ ಇಷ್ಟೇ ವಿಮಾನ ಎಂಬ ಮಿತಿ ಬಂತು. ಉಳಿದ ಕಡೆ ಸಂಸ್ಥೆಗಳೇ ತಮ್ಮೊಳಗೆ ಕೂತು ಹೊಂದಿಸಿಕೊಳ್ಳುವ ರೂಢಿ ಬೆಳೆಯಿತು. ಆ ರೂಢಿಯ ನಡುಗಂಬ ಒಂದೇ: ಕಳೆದ ವರ್ಷ ಈ ಹೊತ್ತಿಗೆ ಇಳಿಯುತ್ತಿದ್ದವನಿಗೆ ಈ ವರ್ಷವೂ ಅದೇ ಹೊತ್ತು. ನಮ್ಮೂರಿನ ಬಸ್ಸಿನಲ್ಲಿ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತಾರಲ್ಲ, ಹಾಗೆ ಮೊದಲು ಬಂದವರು ಟವೆಲ್ ಹಾಕಿದರು. ವ್ಯತ್ಯಾಸವೆಂದರೆ ಬಸ್ಸಿನ ಪ್ರಯಾಣ ಮುಗಿದ ಮೇಲೆ ಟವೆಲ್ ತೆಗೆಯಬೇಕಾಗುತ್ತದೆ. ಇಲ್ಲಿ ಟವೆಲ್ ತಲೆಮಾರುಗಟ್ಟಲೆ ಸೀಟಿನ ಮೇಲೇ ಉಳಿಯಿತು. 1993ರಲ್ಲಿ ಯುರೋಪಿನ ಒಕ್ಕೂಟ ಇದನ್ನೇ ಕಾನೂನಾಗಿ ಬರೆಯಿತು. ಒಂದು ಋತುವಿನಲ್ಲಿ ಶೇ. 80ರಷ್ಟು ಬಾರಿ ಬಳಸಿದರೆ ಆ ಹೊತ್ತು ಮುಂದಿನ ವರ್ಷವೂ ನಿಮ್ಮದೇ. ಕಡಿಮೆಯಾದರೆ ಅದು ಸಾರ್ವಜನಿಕ ಸಂಗ್ರಹಕ್ಕೆ ಮರಳುತ್ತದೆ. ಆ ಸಂಗ್ರಹದ ಅರ್ಧವನ್ನು ಹೊಸಬರಿಗೆ ಮೀಸಲಿಡಬೇಕು. ಓದುವಾಗ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಹೀಥ್ರೂದಂಥ ಕಡೆ ಹಳಬರು ಖಾಲಿ ವಿಮಾನ ಹಾರಿಸಿಯಾದರೂ ತಮ್ಮ ಹೊತ್ತು ಉಳಿಸಿಕೊಳ್ಳುತ್ತಾರೆ. ಸಂಗ್ರಹಕ್ಕೆ ಬಂದು ಬೀಳುವುದು ನಡುಮಧ್ಯಾಹ್ನದ, ಶನಿವಾರ ಸಂಜೆಯ ಉಳಿಕೆ ಹೊತ್ತುಗಳು.

ಈ ಹಂಚಿಕೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಜೂನ್‌ನಲ್ಲಿ ಬರುವ ಚಳಿಗಾಲಕ್ಕೆ, ನವೆಂಬರ್‌ನಲ್ಲಿ ಮುಂದಿನ ಬೇಸಿಗೆಗೆ. ನಮ್ಮ ಲೆಕ್ಕದಲ್ಲಿ ಬೇಸಿಗೆ ಎಂದರೆ ಮಾರ್ಚ್ ಕೊನೆಯ ಭಾನುವಾರ ಶುರು, ಅಕ್ಟೋಬರ್ ಕೊನೆಯ ಭಾನುವಾರದ ಹಿಂದಿನ ದಿನ ಮುಕ್ತಾಯ. ಹಂಚಿಕೆಗೆ ಮುಂಚೆಯೇ ಪ್ರತಿ ನಿಲ್ದಾಣಕ್ಕೂ ಸಂದೇಶ ಕಳಿಸಿರಬೇಕು. ಒಂದೊಂದು ಬೇಡಿಕೆಯೂ ಒಂದೇ ಸಾಲು: ಹಾರಾಟದ ಸಂಖ್ಯೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ವಾರದ ಯಾವ ದಿನ, ಎಷ್ಟು ಸೀಟು, ಯಾವ ಮಾದರಿಯ ವಿಮಾನ, ಎಲ್ಲಿಂದ, ಎಷ್ಟು ಹೊತ್ತಿಗೆ. ಸಾಲಿನ ಮೊದಲ ಅಕ್ಷರ ‘ಎನ್’ ಆಗಿದ್ದರೆ ಹೊಸ ಬೇಡಿಕೆ. ಆ ಕಡೆಯಿಂದ ಅದೇ ಸಾಲು ಬೇರೆ ಅಕ್ಷರ ಹೊತ್ತು ಮರಳುತ್ತದೆ. ‘ಕೆ’ ಬಂದರೆ ಸಿಕ್ಕಿತು. ‘ಓ’ ಬಂದರೆ ನೀವು ಕೇಳಿದ್ದಲ್ಲ, ಬೇರೆ ಹೊತ್ತು ಕೊಡುತ್ತೇವೆ ಎಂದರ್ಥ. ‘ಯು’ ಬಂದರೆ ಇಲ್ಲ. ಬೆಳಿಗ್ಗೆ ಕಚೇರಿಗೆ ಹೋದೊಡನೆ ಪರದೆಯ ಮೇಲೆ ಸಾಲುಸಾಲು ‘ಯು’ ನೋಡುವುದು ಎಂಥ ಸಂಕಟವೆಂದು ಆ ಕುರ್ಚಿಯಲ್ಲಿ ಕೂತವರಿಗೇ ಗೊತ್ತು. ತಿಂಗಳುಗಟ್ಟಲೆ ಲೆಕ್ಕ ಹಾಕಿ, ಮೇಲಿನವರಿಂದ ಒಪ್ಪಿಗೆ ಪಡೆದು, ವಿಮಾನ ಗುತ್ತಿಗೆಗೆ ಮಾತಾಡಿದ ಹೊಸ ಮಾರ್ಗ ಒಂದು ಅಕ್ಷರದಲ್ಲಿ ನಿಂತುಬಿಡುತ್ತದೆ.

ಆಮೇಲೆ ಸಮ್ಮೇಳನ. ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ನಿಲ್ದಾಣಗಳ ಹೊತ್ತು ಹಂಚುವ ಸಂಯೋಜಕರು ತಮ್ಮ ತಮ್ಮ ಮೇಜು ಹಿಡಿದು ಕೂತಿರುತ್ತಾರೆ. ಪ್ರಪಂಚದ ಸಂಸ್ಥೆಗಳವರೆಲ್ಲ ಮೊದಲೇ ಗೊತ್ತುಮಾಡಿಕೊಂಡ ಗಳಿಗೆಗೆ ಹೋಗಿ ಎದುರು ಕೂರಬೇಕು. ಸಿಗುವುದು ಕೆಲವೇ ನಿಮಿಷ. ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಅಸಲು ವ್ಯವಹಾರ ನಡೆಯುವುದು ಕಾಫಿ ಕೊಡುವ ಕಡೆ. ನಿಮ್ಮ 6:40 ನಮಗೆ ಕೊಟ್ಟರೆ ನಮ್ಮ 7:15 ನಿಮಗೆ, ಜೊತೆಗೆ ಫ್ರಾಂಕ್‌ಫರ್ಟಿನಲ್ಲಿ ಒಂದು ಸಂಜೆಯ ಹೊತ್ತು. ಹೀಗೆ ಒಂದಕ್ಕೊಂದು ಬದಲಿ ಮಾಡಿಕೊಳ್ಳಲು ನಿಯಮದಲ್ಲೇ ಅವಕಾಶವಿದೆ. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಹೇಳುತ್ತಿದ್ದರು: “ನೋಡಮ್ಮ, ಮೇಜಿನ ಮುಂದೆ ಜಗಳ ಆಡಬೇಡ. ಸಂಯೋಜಕರ ಹತ್ತಿರ ಇಲ್ಲದ್ದನ್ನು ಅವರು ಎಲ್ಲಿಂದ ತಂದಾರು? ಯಾರ ಹತ್ತಿರ ಇದೆ ಎಂದು ಹುಡುಕು.”

ಅವರ ಮಾತಿನ ಪೂರ್ತಿ ಅರ್ಥ ತಿಳಿಯಬೇಕಾದರೆ ಗೆರ್ನ್‌ಸಿ ದ್ವೀಪದ ಕತೆ ಕೇಳಬೇಕು. ಇಂಗ್ಲಿಷ್ ಕಡಲ್ಗಾಲುವೆಯ ಈ ಪುಟ್ಟ ದ್ವೀಪದಿಂದ ಹೀಥ್ರೂಗೆ ಏರ್ ಯುಕೆ ಎಂಬ ಸಂಸ್ಥೆಯ ವಿಮಾನ ಹೋಗುತ್ತಿತ್ತು. ದ್ವೀಪದವರು ಲಂಡನ್ನಿಗಷ್ಟೇ ಅಲ್ಲ, ಅಲ್ಲಿಂದ ಪ್ರಪಂಚದ ಯಾವ ಮೂಲೆಗಾದರೂ ಹೋಗಲು ಅದನ್ನೇ ನಂಬಿದ್ದರು. 90ರ ದಶಕದ ಕೊನೆಯಲ್ಲಿ ಸಂಸ್ಥೆ ಆ ಹಾರಾಟವನ್ನು ಕೈಬಿಟ್ಟು, ಅದರ ಹೊತ್ತುಗಳನ್ನು ಬ್ರಿಟಿಷ್ ಏರ್‌ವೇಸ್‌ಗೆ ದಾಟಿಸಿತು. ಕಾಗದದ ಮೇಲೆ ಅದು ಬದಲಿ ವ್ಯವಹಾರ. ಆ ಕಡೆಯಿಂದ ಬಂದದ್ದು ಯಾರೂ ಬಳಸಲಾರದಂಥ ಹೊತ್ತುಗಳು, ಜೊತೆಗೆ ಹಣ. ದ್ವೀಪದ ಸಾರಿಗೆ ಮಂಡಳಿ ಲಂಡನ್ನಿನ ಹೈಕೋರ್ಟಿಗೆ ಹೋಯಿತು. ಇದು ಬದಲಿಯಲ್ಲ, ಮಾರಾಟ, ನಿಯಮದಲ್ಲಿ ಮಾರಾಟಕ್ಕೆ ಜಾಗವಿಲ್ಲ ಎಂದು ವಾದಿಸಿತು. 1999ರಲ್ಲಿ ತೀರ್ಪು ಬಂತು: ಬದಲಿಯ ಜೊತೆಗೆ ಹಣ ಕೈ ಬದಲಾಯಿಸಿದರೂ ಅದು ಬದಲಿಯೇ, ತಪ್ಪಿಲ್ಲ. ದ್ವೀಪ ಸೋತಿತು. ಅಷ್ಟರವರೆಗೆ ಕದ್ದುಮುಚ್ಚಿ ನಡೆಯುತ್ತಿದ್ದ ವ್ಯಾಪಾರಕ್ಕೆ ಅಂದು ಕೋರ್ಟಿನ ಮುದ್ರೆ ಬಿತ್ತು.

ಈ ತೀರ್ಪು ದೊಡ್ಡ ಅನ್ಯಾಯ ಎಂದು ನಾನು ಇಂದಿಗೂ ನಂಬಿದ್ದೇನೆ. ರನ್‌ವೇ ಇರುವ ನೆಲ ರೈತರಿಂದ ಬಂದದ್ದು. ಸದ್ದನ್ನು ಸಹಿಸುವವರು ಸುತ್ತಲಿನ ಊರುಗಳವರು. ಹೀಥ್ರೂದಲ್ಲಿ ವರ್ಷಕ್ಕೆ 4,80,000ಕ್ಕಿಂತ ಹೆಚ್ಚು ಹಾರಾಟ ಕೂಡದು ಎಂಬ ಮಿತಿ ಬಂದದ್ದು ಆ ಜನರಿಗಾಗಿಯೇ, ಐದನೇ ಟರ್ಮಿನಲ್‌ಗೆ ಅನುಮತಿ ಕೊಡುವಾಗ ಹಾಕಿದ ಷರತ್ತಾಗಿ. ಆ ಮಿತಿಯಿಂದ ಹೊತ್ತಿನ ಬೆಲೆ ಇನ್ನಷ್ಟು ಏರಿತು. ಬೆಲೆ ಹೋಗಿ ಸೇರಿದ್ದು ಮಾತ್ರ ಹಿಂದೆ ಬಿಟ್ಟಿಯಾಗಿ ಹೊತ್ತು ಪಡೆದಿದ್ದ ಸಂಸ್ಥೆಗಳ ಖಾತೆಗೆ.

ಎಂಥ ಬೆಲೆ ಎನ್ನುತ್ತೀರಿ! 1977ರ ಎರಡನೇ ಬರ್ಮುಡಾ ಒಪ್ಪಂದದಂತೆ ಅಮೆರಿಕದ ಎರಡೇ ಸಂಸ್ಥೆಗಳು ಹೀಥ್ರೂಗೆ ಹೋಗಬಹುದಿತ್ತು, ಪ್ಯಾನ್ ಆಮ್ ಮತ್ತು ಟಿಡಬ್ಲ್ಯುಎ. 1991ರಲ್ಲಿ ಎರಡೂ ಮುಳುಗುವ ಸ್ಥಿತಿಗೆ ಬಂದಿದ್ದವು. ಪ್ಯಾನ್ ಆಮ್ ತನ್ನ ಲಂಡನ್ ಹಕ್ಕುಗಳನ್ನು ಯುನೈಟೆಡ್‌ಗೆ 29 ಕೋಟಿ ಡಾಲರಿಗೆ ಮಾರಿತು. ಟಿಡಬ್ಲ್ಯುಎ ತನ್ನದನ್ನು ಅಮೆರಿಕನ್ ಏರ್‌ಲೈನ್ಸ್‌ಗೆ 44.5 ಕೋಟಿ ಡಾಲರಿಗೆ ಕೊಟ್ಟಿತು. ಅದೇ ವರ್ಷ ವರ್ಜಿನ್ ಅಟ್ಲಾಂಟಿಕ್‌ಗೂ ಹೀಥ್ರೂ ಬಾಗಿಲು ತೆರೆಯಿತು. 2008ರ ಮಾರ್ಚ್‌ನಲ್ಲಿ ಯುರೋಪು ಮತ್ತು ಅಮೆರಿಕದ ನಡುವೆ ಮುಕ್ತ ಆಕಾಶದ ಒಪ್ಪಂದ ಜಾರಿಯಾದಾಗ ಪರವಾನಗಿಯ ತೊಡಕು ಹೋಯಿತು. ಹೊತ್ತಿನ ತೊಡಕು ಹೋಗಲಿಲ್ಲ. ಕಾಂಟಿನೆಂಟಲ್ ಸಂಸ್ಥೆ ನಾಲ್ಕು ಜೋಡಿ ಹೊತ್ತಿಗೆ 20.9 ಕೋಟಿ ಡಾಲರ್ ಕೊಟ್ಟಿತು. ಇಳಿಯಲೊಂದು, ಏರಲೊಂದು ಸೇರಿದರೆ ಒಂದು ಜೋಡಿ. 2016ರಲ್ಲಿ ಓಮನ್ ಏರ್ ಒಂದೇ ಜೋಡಿಗೆ 7.5 ಕೋಟಿ ಡಾಲರ್ ಕೊಟ್ಟಿದೆ ಎಂದು ಪತ್ರಿಕೆಗಳು ಬರೆದವು.

ಎಲ್ಲಕ್ಕಿಂತ ಹೆಚ್ಚು ಬೆಲೆ ಬೆಳಗಿನ ಹೊತ್ತಿಗೆ. ಯಾಕೆ? ಕುಂದಾಪುರದಲ್ಲಿ ನನ್ನ ಸೋದರಮಾವ ಇದ್ದರು. ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೋಗಿ ಬಂದವರು ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದರು: “ಅಲ್ದೆ ಹೆಣೆ, ಹಗಲ್ ಹೊತ್ತಿಗೆ ಒಂದ್ ವಿಮಾನ ಬಿಡುಕ್ ಆತಿಲ್ಯಾ ನಿಮ್ಗೆ?” ನಾನು ಕಾಗದ ಹಿಡಿದು ಅವರಿಗೆ ಲೆಕ್ಕ ತೋರಿಸಿದ್ದೆ. ಬೆಂಗಳೂರಿನಿಂದ ಲಂಡನ್ನಿಗೆ ಸುಮಾರು ಹತ್ತು ತಾಸು. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ಐದೂವರೆ ತಾಸು ಹಿಂದೆ. ಇಲ್ಲಿ ರಾತ್ರಿ 2ಕ್ಕೆ ಹೊರಟರೆ ನಮ್ಮ ಮಧ್ಯಾಹ್ನ 12ಕ್ಕೆ, ಅಂದರೆ ಅವರ ಬೆಳಗಿನ 6:30ಕ್ಕೆ ಇಳಿಯಬಹುದು. ವ್ಯಾಪಾರಸ್ಥ ನೇರ ಸಭೆಗೆ ಹೋಗುತ್ತಾನೆ. ಮುಂದೆ ಅಮೆರಿಕಕ್ಕೆ ಹೋಗುವವನಿಗೆ ಬೆಳಗಿನ ವಿಮಾನಗಳೆಲ್ಲ ಸಿಗುತ್ತವೆ. ಬಂದ ವಿಮಾನ ಅದೇ ಬೆಳಿಗ್ಗೆ ತಿರುಗಿ ಹೊರಡಬಹುದು. ಇನ್ನೂ ಬೇಗ ಹೊರಡೋಣವೆಂದರೆ ಅಲ್ಲಿ ರಾತ್ರಿಯ ಕಟ್ಟುಪಾಡು. ಬೆಳಗಿನ 6ಕ್ಕೆ ಮುಂಚೆ ಹೀಥ್ರೂದಲ್ಲಿ ಇಳಿಯಲು ಬಿಡುವುದು ಕೆಲವೇ ವಿಮಾನಗಳನ್ನು. ಫ್ರಾಂಕ್‌ಫರ್ಟಿನಲ್ಲಿ 2011ರಿಂದ ರಾತ್ರಿ 11ರಿಂದ ಬೆಳಗಿನ 5ರವರೆಗೆ ನಿಗದಿತ ಹಾರಾಟಕ್ಕೆ ನಿಷೇಧವೇ ಇದೆ. ಅಲ್ಲಿನ ಜನರ ನಿದ್ದೆಗೆ ಕಾನೂನಿನ ಕಾವಲಿದೆ. ಹಾಗಾಗಿ ನಮ್ಮವರು ನಡುರಾತ್ರಿ ದೇವನಹಳ್ಳಿ ನಿಲ್ದಾಣದ ದಾರಿ ಹಿಡಿಯಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಮಾರ್ಚ್ ಕೊನೆಗೆ ಅವರು ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ, ನಾವು ಇಡುವುದಿಲ್ಲ. ಲಂಡನ್ನಿನ 6:30 ನಮ್ಮದೇ ಆಗಿ ಉಳಿಯಬೇಕಾದರೆ ಇಲ್ಲಿಂದ ರಾತ್ರಿ 1ಕ್ಕೇ ಹೊರಡಬೇಕು. ಆ 1 ಗಂಟೆಗೆ ಇಲ್ಲಿನ ನಿಲ್ದಾಣದಲ್ಲಿ ನಮಗೆ ಜಾಗವಿರಬೇಕು. ಎರಡು ತುದಿ ಹೊಂದಿಸುವಷ್ಟರಲ್ಲಿ ಪ್ರತಿ ಋತುವಿಗೂ ನಮ್ಮ ಜೀವ ಹಣ್ಣಾಗುತ್ತಿತ್ತು. ಮಾವ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ಊರಿನವರಿಗೆಲ್ಲ ಅದನ್ನು ತೋರಿಸಿ ವಿವರಿಸುತ್ತಿದ್ದರಂತೆ.

ಭಾರತದ ಸಂಸ್ಥೆಗಳಿಗೆ ಈ ಓಟದಲ್ಲಿ ಮನೆಯೊಳಗಿನ ತಡೆಯೂ ಇತ್ತು. ದಶಕಗಳ ಕಾಲ ಹೊರದೇಶದ ದೂರದ ಮಾರ್ಗಗಳೆಲ್ಲ ಏರ್ ಇಂಡಿಯಾದವು. ಪರವಾನಗಿ ಇದ್ದರೂ ಬೇಕಾದಷ್ಟು ವಿಮಾನಗಳಿಲ್ಲದೆ ಅದು ತನ್ನ ಪಾಲನ್ನು ಪೂರ್ತಿ ಬಳಸುತ್ತಿರಲಿಲ್ಲ. 2000ದಲ್ಲಿ ವರ್ಜಿನ್ ಅಟ್ಲಾಂಟಿಕ್ ದೆಹಲಿಗೆ ಬಂದದ್ದೇ ಏರ್ ಇಂಡಿಯಾ ಬಳಸದೆ ಬಿಟ್ಟಿದ್ದ ಪಾಲಿನಿಂದ. 2004ರ ಕೊನೆಯಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದಾಗ ಸರ್ಕಾರ ಒಂದು ಷರತ್ತು ಹಾಕಿತು: ದೇಶದೊಳಗೆ ಐದು ವರ್ಷ ಹಾರಿರಬೇಕು, ಇಪ್ಪತ್ತು ವಿಮಾನ ಇರಬೇಕು. ಅದನ್ನು ಪೂರೈಸಿದ್ದ ಜೆಟ್ ಏರ್‌ವೇಸ್ 2005ರ ಮೇ ತಿಂಗಳಲ್ಲಿ ಮುಂಬಯಿಯಿಂದ ಹೀಥ್ರೂಗೆ ಹಾರಿತು.

ಬೆಂಗಳೂರಿನ ಸರದಿ ಬಂದದ್ದು ಬಳಸುದಾರಿಯಲ್ಲಿ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಪುಟ್ಟ ಎಟಿಆರ್ ವಿಮಾನದಿಂದ ಶುರುವಾಗಿತ್ತು. ವಿಜಯ ಮಲ್ಯರ ಕಿಂಗ್‌ಫಿಷರ್ ಹುಟ್ಟಿದ್ದು 2005ರಲ್ಲಿ. ಅದು ತನ್ನ ಕಾಲ ಮೇಲೇ ನಿಂತು ಐದು ವರ್ಷ ಕಾಯುವುದಾದರೆ 2010 ಆಗುತ್ತಿತ್ತು. ಡೆಕ್ಕನ್ನಿನಲ್ಲಿ ಪಾಲು ಕೊಂಡು, ಎರಡೂ ಒಂದಾದ ಮೇಲೆ, ಡೆಕ್ಕನ್ನಿನ ವಯಸ್ಸು ಕಿಂಗ್‌ಫಿಷರ್‌ಗೆ ಬಂತು. 2008ರ ಆಗಸ್ಟ್‌ಗೆ ಐದು ವರ್ಷ ತುಂಬಿತು. ಸೆಪ್ಟೆಂಬರ್ 3ರಂದು ಬೆಂಗಳೂರು–ಹೀಥ್ರೂ ಹಾರಾಟ ಶುರುವಾಯಿತು. ಹುಬ್ಬಳ್ಳಿಗೆ ಹಾರಿದ ಆ ಪುಟ್ಟ ವಿಮಾನ ಕೂಡಿಟ್ಟ ವರ್ಷಗಳ ಬಲದಿಂದ ಬೆಂಗಳೂರು ಲಂಡನ್ ಮುಟ್ಟಿತು ಎಂದರೆ ಅತಿಶಯವಲ್ಲ. ಆ ವಾರ ಮುಂಬಯಿಯಲ್ಲಿದ್ದ ನಮ್ಮಂಥ ಕನ್ನಡಿಗರಿಗೆ ಆದ ಹೆಮ್ಮೆ ಸಣ್ಣದಲ್ಲ. ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣಕ್ಕೆ 2001ರಲ್ಲಿ ಲುಫ್ತಾನ್ಸಾ, 2005ರಲ್ಲಿ ಬ್ರಿಟಿಷ್ ಏರ್‌ವೇಸ್ ಬಂದಿದ್ದವು. ದೇವನಹಳ್ಳಿಯಲ್ಲಿ ಸುಮಾರು 4,000 ಎಕರೆಯ ಹೊಸ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆದಿತ್ತು. ಬೆಂಗಳೂರಿನದೇ ಸಂಸ್ಥೆಯೊಂದು ಅಲ್ಲಿಂದ ಹೀಥ್ರೂಗೆ ಹೋಗುವುದು ಬೇರೆಯೇ ಮಾತು. ಆದರೆ ಆ ಹಾರಾಟ ಬಾಳಲಿಲ್ಲ. ಎಣ್ಣೆಯ ಬೆಲೆ, ಜಗತ್ತಿನ ಹಣಕಾಸಿನ ಕುಸಿತ, ಸಾಲ ಎಲ್ಲ ಸೇರಿ 2012ರ ಏಪ್ರಿಲ್‌ನಲ್ಲಿ ಕಿಂಗ್‌ಫಿಷರ್‌ನ ಹೊರದೇಶದ ಹಾರಾಟಗಳೆಲ್ಲ ನಿಂತವು. ಸಂಬಳ ಸಿಗದ ಸಿಬ್ಬಂದಿಯ ಪಾಡು ಎಲ್ಲರಿಗೂ ಗೊತ್ತಿರುವುದೇ.

ಜೆಟ್ 2013ರಲ್ಲಿ ತನ್ನ ಮೂರು ಜೋಡಿ ಹೀಥ್ರೂ ಹೊತ್ತುಗಳನ್ನು ಅಬುಧಾಬಿಯ ಎತಿಹಾದ್‌ಗೆ 7 ಕೋಟಿ ಡಾಲರಿಗೆ ಮಾರಿ, ಅವನ್ನೇ ಬಾಡಿಗೆಗೆ ಪಡೆದು ಹಾರಿತು. ಅದೇ ಕಾಲಕ್ಕೆ ಅಬುಧಾಬಿಗೆ ವಾರಕ್ಕೆ 13,330 ಇದ್ದ ಸೀಟಿನ ಮಿತಿ 50,000ಕ್ಕೆ ಏರಿತು. ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದ ದಿನ ನಮ್ಮ ವಿಭಾಗದಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಯುರೋಪಿಗೆ ನೇರವಾಗಿ ಹೋಗಬಹುದಾಗಿದ್ದ ನಮ್ಮ ಪ್ರಯಾಣಿಕರು ಇನ್ನು ಕೊಲ್ಲಿಯ ನಿಲ್ದಾಣಗಳಲ್ಲಿ ಇಳಿದು ಹತ್ತುತ್ತಾರೆ ಎಂಬುದು ನಮಗೆ ಅಂದೇ ಕಂಡಿತ್ತು. 2019ರ ಏಪ್ರಿಲ್‌ನಲ್ಲಿ ಜೆಟ್ ಕೂಡ ನಿಂತಿತು. ದೆಹಲಿ, ಮುಂಬಯಿಯಲ್ಲಿ ಅದರ ಹೊತ್ತುಗಳನ್ನು ಸರ್ಕಾರ ಉಳಿದ ಸಂಸ್ಥೆಗಳಿಗೆ ತಾತ್ಕಾಲಿಕವಾಗಿ ಹಂಚಿತು. ಇಲ್ಲಿ ನಮ್ಮ ಸರ್ಕಾರ ಮಾಡಿದ್ದು ಸರಿ ಎಂದು ನಾನು ಹೇಳುತ್ತೇನೆ. ಹೊತ್ತು ಸಾರ್ವಜನಿಕ ಆಸ್ತಿ. ಬಳಸುವವನು ಹೋದ ಮೇಲೆ ಅದು ಸಾರ್ವಜನಿಕರಿಗೇ ಮರಳಬೇಕು, ಸಾಲ ಕೊಟ್ಟವರ ಹರಾಜಿಗಲ್ಲ. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಮೂಹಕ್ಕೆ ಮರಳಿದಾಗ, ಹಳೆಯ ವಿಮಾನಗಳಿಗಿಂತ ಹೀಥ್ರೂದಂಥ ನಿಲ್ದಾಣಗಳ ಹೊತ್ತುಗಳೇ ದೊಡ್ಡ ಆಸ್ತಿ ಎಂದು ಬಲ್ಲವರು ಬರೆದರು. ಡೇರೆಗಳ ಕಾಲದಲ್ಲಿ ಅಲ್ಲಿಗೆ ಹೋಗಿ ಇಳಿದದ್ದರ ಫಲ ಎಪ್ಪತ್ತು ವರ್ಷದ ಮೇಲೂ ಹಾಗೇ ಇತ್ತು.

2020ರ ಮಾರ್ಚ್‌ನಲ್ಲಿ ಕೊರೊನಾ ಹರಡಿದಾಗ ಯುರೋಪಿನಲ್ಲಿ ಮತ್ತೆ ಖಾಲಿ ವಿಮಾನಗಳು ಹಾರಿದವು, ಅದೇ ಶೇ. 80ರ ಹೆದರಿಕೆಯಿಂದ. ಕೊನೆಗೆ ನಿಯಮವನ್ನೇ ತಡೆಹಿಡಿಯಬೇಕಾಯಿತು. ಮರುವರ್ಷ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ನೇರವಾಗಿ ಬಂದಿಳಿಯಿತು. ಆ ಬೆಳಿಗ್ಗೆ ಟಿವಿಯ ಮುಂದೆ ಕೂತಿದ್ದ ನಾನು ತಂಡದ ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರನ್ನು ಕಂಡು ಕಣ್ಣೊರೆಸಿಕೊಂಡೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೀಥ್ರೂದಷ್ಟು ಬಿಗಿಯಾದ ಹಂಚಿಕೆ ಇಲ್ಲ. ತಡೆ ಇಲ್ಲದ ಕಡೆ ಒಂದು ಹೊಸ ಮಾರ್ಗ ಎಷ್ಟು ದೂರದವರೆಗೂ ಹೋಗಬಲ್ಲದು ಎಂದು ಅಂದು ನೋಡಿದೆವು.

ಕರಾವಳಿಯವಳಾದ ನನಗೆ ಈಗಲೂ ಒಂದು ಕೊರಗು ಉಳಿದಿದೆ. ದುಬೈಗೆ ವಾರಕ್ಕೆ ಸುಮಾರು 66,000 ಸೀಟು ಎಂಬ ಒಪ್ಪಂದ ಹತ್ತು ವರ್ಷಕ್ಕೂ ಹಿಂದಿನದು. ಆ ಸೀಟುಗಳು ತುಂಬಿ ಹರಿಯುತ್ತಿವೆ. ಮಂಗಳೂರಿನಿಂದ ಕೊಲ್ಲಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ 2006ರಲ್ಲಿ ಹಾರತೊಡಗಿತು. ಅದಕ್ಕೆ ಮುಂಚೆ ನಮ್ಮವರು ಮುಂಬಯಿಯಲ್ಲಿ ರಾತ್ರಿ ಕಳೆದು ಹೋಗುತ್ತಿದ್ದರು. ಆದರೆ ವಿದೇಶಿ ಸಂಸ್ಥೆಗಳು ಇಳಿಯಬಹುದಾದ ಊರುಗಳ ಪಟ್ಟಿಯಲ್ಲಿ ಮಂಗಳೂರಿನ ಹೆಸರಿಲ್ಲ. ಮಂಗಳೂರಿನ ಬಜಪೆ ನಿಲ್ದಾಣದ ರನ್‌ವೇಯಲ್ಲಿ ಹೊತ್ತಿಗೇನೂ ಬರವಿಲ್ಲ. ಹೀಥ್ರೂದಲ್ಲಿ ಪರವಾನಗಿ ಇದ್ದೂ ಹೊತ್ತು ಸಿಗದೆ ನಾವು ವರ್ಷಗಟ್ಟಲೆ ಮೇಜಿಂದ ಮೇಜಿಗೆ ಅಲೆದೆವು. ಇಲ್ಲಿ ಹೊತ್ತು ಇದ್ದೂ ಪರವಾನಗಿ ಇಲ್ಲ. ದೆಹಲಿಯವರು ಮುಂದಿನ ಸಲ ದುಬೈಯವರೊಡನೆ ಸೀಟಿನ ಮಾತಿಗೆ ಕೂತಾಗ, ಹೆಚ್ಚುವರಿ ಸೀಟುಗಳಲ್ಲಿ ಒಂದು ಪಾಲನ್ನು ಮಂಗಳೂರಿನಂಥ ಊರುಗಳಿಗೇ ಬರೆದಿಡಬೇಕು. ಅದಕ್ಕೆ ಹೊಸ ರನ್‌ವೇ ಬೇಡ, ಯಾರ ಹೊಲವೂ ಬೇಡ, ಒಂದು ಸಾಲು ಸೇರಿಸಿದರೆ ಆಯಿತು.